ಗೊಬ್ಬರದ ಚೀಲದ ಬೆಲೆಯಲ್ಲ, ಪೋಷಕಾಂಶದ ಬೆಲೆ ನೋಡಿ

ಮುಂಗಾರು ಬಿತ್ತನೆ ಹತ್ತಿರವಾದಂತೆ ಗೊಬ್ಬರದ ಅಂಗಡಿಯ ಮುಂದೆ ರೈತರ ಸಾಲು ಬೆಳೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ "ಚೀಲಕ್ಕೆ ಎಷ್ಟು?" ಎಂಬುದು. ಆದರೆ ಚೀಲದ ಬೆಲೆಯೊಂದರಿಂದಲೇ ಗೊಬ್ಬರ ಅಗ್ಗವೋ ದುಬಾರಿಯೋ ಎಂದು ಹೇಳಲು ಬರುವುದಿಲ್ಲ. ಡೇರಿಯಲ್ಲಿ ಹಾಲಿನ ಅಳತೆಯ ಜೊತೆಗೆ ಕೊಬ್ಬಿನಂಶವನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಗೊಬ್ಬರಕ್ಕೂ ಇದೇ ನ್ಯಾಯ ಸಲ್ಲುತ್ತದೆ. ನಾವು ಹಣ ಕೊಡುವುದು ಚೀಲದಲ್ಲಿರುವ ಸಾರಜನಕ, ರಂಜಕ ಮತ್ತು ಪೊಟ್ಯಾಷಿಗೆ. ಆದ್ದರಿಂದ ಒಂದು ಕಿಲೋ ಪೋಷಕಾಂಶಕ್ಕೆ ಎಷ್ಟು ಹಣ ಬಿತ್ತು ಎಂಬುದನ್ನು ತಿಳಿಯಬೇಕು. ಇದಕ್ಕೆ ಬೇಕಾದ ಲೆಕ್ಕ ಪ್ರಾಥಮಿಕ ಶಾಲೆಯ ಗುಣಾಕಾರ ಭಾಗಾಕಾರಗಳಷ್ಟೇ.

ಚೀಲದ ಮೇಲಿನ ಅಂಕಿಗಳ ಅರ್ಥ

ಪ್ರತಿ ಚೀಲದ ಮೇಲೂ ಪೋಷಕಾಂಶಗಳ ಶೇಕಡಾ ಪ್ರಮಾಣ, ನಿವ್ವಳ ತೂಕ ಮತ್ತು ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತವೆ. 10:26:26 ಎಂದಿದ್ದರೆ 100 ಕಿಲೋ ಗೊಬ್ಬರದಲ್ಲಿ 10 ಕಿಲೋ ಸಾರಜನಕ, 26 ಕಿಲೋ ರಂಜಕ ಮತ್ತು 26 ಕಿಲೋ ಪೊಟ್ಯಾಷ್ ಇದೆ ಎಂದರ್ಥ. 50 ಕಿಲೋ ಚೀಲದಲ್ಲಿ ಇದರ ಅರ್ಧ, ಅಂದರೆ ಕ್ರಮವಾಗಿ 5, 13 ಮತ್ತು 13 ಕಿಲೋ ಸಿಗುತ್ತದೆ.

ತೂಕವನ್ನೂ ಗಮನಿಸಬೇಕು. ಯೂರಿಯಾ ಚೀಲ ಮೊದಲು 50 ಕಿಲೋ ಇತ್ತು. 2018ರಿಂದ ಅದು 45 ಕಿಲೋ ಆಗಿದೆ. "ಎಕರೆಗೆ ಒಂದು ಚೀಲ" ಎಂಬ ಹಳೆಯ ರೂಢಿಯಲ್ಲೇ ಹಾಕುವವರು ಇದನ್ನು ನೆನಪಿಡಬೇಕು.

ಲೆಕ್ಕ ಮಾಡುವ ಬಗೆ

ಈ ಲೇಖನದಲ್ಲಿ 45 ಕಿಲೋ ಯೂರಿಯಾಕ್ಕೆ ರೂ. 266.50, 50 ಕಿಲೋ ಡಿ.ಎ.ಪಿ.ಗೆ ರೂ. 1350, 50 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷಿಗೆ ರೂ. 1700 ಎಂದು ಹಿಡಿದಿದೆ. ಬೆಲೆಗಳು ಬದಲಾಗುತ್ತಿರುತ್ತವೆ. ನೀವು ಕೊಳ್ಳುವ ದಿನ ಚೀಲದ ಮೇಲಿರುವ ಬೆಲೆಯನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಿರಿ.

1. ಸಾರಜನಕ: ಯೂರಿಯಾದಲ್ಲಿ ಶೇ. 46 ಸಾರಜನಕವಿದೆ. 45 ಕಿಲೋ ಚೀಲದಲ್ಲಿ 20.7 ಕಿಲೋ ಆಯಿತು. 266.50ನ್ನು 20.7ರಿಂದ ಭಾಗಿಸಿದರೆ ಕಿಲೋ ಸಾರಜನಕಕ್ಕೆ ಸುಮಾರು 13 ರೂ. ಬೀಳುತ್ತದೆ.

2. ಪೊಟ್ಯಾಷ್: ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಶೇ. 60 ಇರುವುದರಿಂದ ಚೀಲಕ್ಕೆ 30 ಕಿಲೋ ಸಿಗುತ್ತದೆ. 1700ನ್ನು 30ರಿಂದ ಭಾಗಿಸಿದರೆ ಕಿಲೋಗೆ ಸುಮಾರು 57 ರೂ.

3. ರಂಜಕ: ಡಿ.ಎ.ಪಿ. ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇವೆ. 9 ಕಿಲೋ ಸಾರಜನಕವನ್ನು ಯೂರಿಯಾ ರೂಪದಲ್ಲಿ ಕೊಂಡಿದ್ದರೆ 117 ರೂ. ಆಗುತ್ತಿತ್ತು. ಅದನ್ನು 1350ರಿಂದ ಕಳೆದರೆ 1233 ಉಳಿಯುತ್ತದೆ. ಇದನ್ನು 23ರಿಂದ ಭಾಗಿಸಿದರೆ ಕಿಲೋ ರಂಜಕಕ್ಕೆ ಸುಮಾರು 54 ರೂ.

ಈ 13, 54, 57 ಎಂಬ ಮೂರು ಅಂಕಿಗಳೇ ನಮ್ಮ ಅಳತೆಗೋಲು. ಯಾವುದೇ ಹೊಸ ಗೊಬ್ಬರವನ್ನು ಇವುಗಳಿಂದ ಅಳೆದು ನೋಡಬಹುದು.

ಸಂಯುಕ್ತ ಗೊಬ್ಬರ ಲಾಭವೇ?

10:26:26 ಚೀಲವನ್ನೇ ನೋಡೋಣ. ಸಾರಜನಕಕ್ಕೆ 65, ರಂಜಕಕ್ಕೆ 702, ಪೊಟ್ಯಾಷಿಗೆ 741, ಒಟ್ಟು 1508 ರೂ. ಅಂಗಡಿಯಲ್ಲಿ ಬೆಲೆ 1700 ಇದ್ದರೆ ಚೀಲಕ್ಕೆ ಸುಮಾರು 190 ರೂ. ಹೆಚ್ಚಾಯಿತು. ಮೂರೂ ಪೋಷಕಾಂಶ ಒಂದೇ ಹರಳಿನಲ್ಲಿ ಸಿಗುವುದು, ಬೆರೆಸುವ ಕೆಲಸ ತಪ್ಪುವುದು, ಕೂರಿಗೆಯಲ್ಲಿ ಸಮನಾಗಿ ಬೀಳುವುದು ಇವೆಲ್ಲ ಅನುಕೂಲಗಳೇ. ಆ ಅನುಕೂಲ 190 ರೂ. ಬಾಳುತ್ತದೆಯೇ ಎಂಬುದನ್ನು ನಿಮ್ಮ ಮನೆಯ ಆಳುಕಾಳು ನೋಡಿ ನೀವೇ ತೀರ್ಮಾನಿಸಬೇಕು.

ಮಳೆಯಾಶ್ರಿತ ರಾಗಿಗೆ ಶಿಫಾರಸಾದ ಪ್ರಮಾಣ ಹೆಕ್ಟೇರಿಗೆ 50:40:37.5 ಕಿಲೋ, ಅಂದರೆ ಎಕರೆಗೆ 20:16:15 ಕಿಲೋ. ಇದನ್ನು 35 ಕಿಲೋ ಡಿ.ಎ.ಪಿ., 30 ಕಿಲೋ ಯೂರಿಯಾ, 25 ಕಿಲೋ ಪೊಟ್ಯಾಷ್ ಗೊಬ್ಬರಗಳಿಂದ ಒದಗಿಸಿದರೆ ಖರ್ಚು ಸುಮಾರು 1970 ರೂ. 62 ಕಿಲೋ 10:26:26 ಮತ್ತು 30 ಕಿಲೋ ಯೂರಿಯಾ ಹಾಕಿದರೆ ಸುಮಾರು 2280 ರೂ. ಎಕರೆಗೆ 310 ರೂ. ಅಂತರ. ಐದು ಎಕರೆ ರಾಗಿ ಬೆಳೆಯುವವರಿಗೆ ಇದು ಸಣ್ಣ ಮೊತ್ತವಲ್ಲ. ಗೊಬ್ಬರಗಳನ್ನು ನೀವೇ ಬೆರೆಸುವುದಾದರೆ ಬಿತ್ತನೆಯ ದಿನವೇ ಬೆರೆಸಿ ಬಳಸಿರಿ. ಬೆರೆಸಿ ಇಟ್ಟರೆ ತೇವ ಹೀರಿ ಗಂಟು ಕಟ್ಟುತ್ತದೆ.

ಬೇಡದ್ದು ಎಷ್ಟು ಅಗ್ಗವಾದರೂ ದುಬಾರಿ

ಅಳತೆಗೋಲಿಗೆ ಎರಡು ತಿದ್ದುಪಡಿಗಳಿವೆ. ಮೊದಲನೆಯದು, ಬೆಳೆಗೆ ಬೇಡದ ಪೋಷಕಾಂಶಕ್ಕೆ ಬೆಲೆ ಕಟ್ಟಬಾರದು. ಅನೇಕರು ರಾಗಿಗೆ ಎಕರೆಗೆ ಒಂದು ಚೀಲ ಡಿ.ಎ.ಪಿ. ಹಾಕಿ ಸುಮ್ಮನಾಗುತ್ತಾರೆ. ಬೇಕಾದ ರಂಜಕ 16 ಕಿಲೋ, ಬಿದ್ದದ್ದು 23 ಕಿಲೋ. ಹೆಚ್ಚಾದ 7 ಕಿಲೋ ರಂಜಕದ ಬೆಲೆ 378 ರೂ. ಪೊಟ್ಯಾಷ್ ಮಾತ್ರ ಒಂದು ಕಿಲೋವೂ ಸಿಗಲಿಲ್ಲ. ಮಣ್ಣಿನಲ್ಲಿ ಮೊದಲೇ ರಂಜಕ ಹೆಚ್ಚಾಗಿದ್ದರೆ ನಷ್ಟ ಇನ್ನೂ ದೊಡ್ಡದು. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರದ ಲೆಕ್ಕ ಪೂರ್ಣವಾಗುವುದಿಲ್ಲ.

ಕಿಲೋಗೆ 13 ರೂಪಾಯಿಗೆ ಸಿಗುವ ಯೂರಿಯಾದ ಸಾರಜನಕವೂ ಇದಕ್ಕೆ ಹೊರತಲ್ಲ. ಅದು ಅಗ್ಗವಾಗಿರುವುದು ಸರ್ಕಾರದ ಸಹಾಯಧನದಿಂದ. ಅಗ್ಗವೆಂದು ಮಿತಿಮೀರಿ ಸುರಿದರೆ ಪೈರು ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ, ಬೆಂಕಿ ರೋಗ ಮತ್ತು ಕೀಟಗಳ ಕಾಟ ಹೆಚ್ಚುತ್ತದೆ. ಉಳಿಸಿದ ಹಣ ಔಷಧಿಗೆ ಹೋಗುತ್ತದೆ.

ಎರಡನೆಯದು, ಅಂಕಿಯಲ್ಲಿ ಕಾಣದ ಪ್ರಯೋಜನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೂಪರ್ ಫಾಸ್ಫೇಟಿನಲ್ಲಿ ರಂಜಕ ಶೇ. 16 ಮಾತ್ರ. ಚೀಲಕ್ಕೆ 500 ರೂ. ಎಂದಾದರೆ 8 ಕಿಲೋ ರಂಜಕಕ್ಕೆ ನಮ್ಮ ಅಳತೆಯಂತೆ 432 ರೂ. ಬೆಲೆ. 68 ರೂ. ಹೆಚ್ಚಾಯಿತು. ಆದರೆ ಅದೇ ಚೀಲದಲ್ಲಿ ಸುಮಾರು 5.5 ಕಿಲೋ ಗಂಧಕ ಮತ್ತು ಜೊತೆಗೆ ಸುಣ್ಣದ ಅಂಶವೂ ಇದೆ. ಕಿಲೋ ಗಂಧಕಕ್ಕೆ 12 ರೂ. ಕೊಟ್ಟಂತಾಯಿತು. ಇವೆರಡೂ ಬೇಕಾದ ಶೇಂಗಾ ಬೆಳೆಗೆ ಇದು ಒಳ್ಳೆಯ ವ್ಯಾಪಾರ. ಗಂಧಕದ ಕೊರತೆ ಇಲ್ಲದ ಮಣ್ಣಿನಲ್ಲಿ ರಾಗಿಗೆ ಅಷ್ಟು ಲಾಭವಿಲ್ಲ.

ಕೊಟ್ಟಿಗೆ ಗೊಬ್ಬರವನ್ನು ಈ ಅಳತೆಗೋಲೊಂದರಿಂದಲೇ ಅಳೆಯಬಾರದು. ಸಾಧಾರಣ ಗುಣಮಟ್ಟದ ಒಂದು ಟನ್ನಿನಲ್ಲಿ 5 ಕಿಲೋ ಸಾರಜನಕ, 2 ಕಿಲೋ ರಂಜಕ, 5 ಕಿಲೋ ಪೊಟ್ಯಾಷ್ ಎಂದರೂ ಅದರ ಬೆಲೆ ಸುಮಾರು 460 ರೂ. ಮಾತ್ರ ಆಗುತ್ತದೆ. ಮಣ್ಣು ತೇವ ಹಿಡಿಯುವ ಶಕ್ತಿ, ಸೂಕ್ಷ್ಮ ಜೀವಿಗಳ ಚಟುವಟಿಕೆ, ಲಘು ಪೋಷಕಾಂಶಗಳು ಇವುಗಳಿಗೆ ಬೇರೆ ಬೆಲೆ ಇದೆ. ಮನೆಯ ತಿಪ್ಪೆಯನ್ನು ಮಳೆ ಬಿಸಿಲಿಗೆ ಬಿಡದೆ ಕಾಪಾಡಿಕೊಂಡರೆ ಕೊಳ್ಳುವ ಪ್ರಮೇಯವೇ ಕಡಿಮೆಯಾಗುತ್ತದೆ.

ಹುಲ್ಲುಹಾಸಿನ ಗೊಬ್ಬರ

ನಗರಗಳ ಸಮೀಪ ಹುಲ್ಲುಹಾಸು ಬೆಳೆದು ಮಾರುವ ರೈತರು ಅಂದವಾದ ಸಣ್ಣ ಪೊಟ್ಟಣಗಳಲ್ಲಿ ಬರುವ ವಿಶೇಷ ಗೊಬ್ಬರವನ್ನು ಕೊಳ್ಳುವುದುಂಟು. 20:5:10 ಎಂದು ಬರೆದ 5 ಕಿಲೋ ಪೊಟ್ಟಣಕ್ಕೆ 500 ರೂ. ಎಂದು ಭಾವಿಸೋಣ. ಅದರಲ್ಲಿರುವುದು 1 ಕಿಲೋ ಸಾರಜನಕ, ಕಾಲು ಕಿಲೋ ರಂಜಕ, ಅರ್ಧ ಕಿಲೋ ಪೊಟ್ಯಾಷ್. ನಮ್ಮ ಅಳತೆಯಲ್ಲಿ ಬೆಲೆ 55 ರೂ. ಸಾರಜನಕವನ್ನು ನಿಧಾನವಾಗಿ ಬಿಟ್ಟುಕೊಡುವ ಗೊಬ್ಬರವಾದರೆ ಸ್ವಲ್ಪ ಹೆಚ್ಚು ಬೆಲೆ ಕೊಡಬಹುದು. ಹಾಗೆಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರದಿದ್ದರೆ ಹಣ ಹೋಗುವುದು ಪೊಟ್ಟಣದ ಬಣ್ಣಕ್ಕೆ. ಹುಲ್ಲಿಗೆ ಮುಖ್ಯವಾಗಿ ಬೇಕಾದದ್ದು ಸಾರಜನಕ. 100 ಚದರ ಮೀಟರಿಗೆ ಒಂದು ಸಲಕ್ಕೆ 1 ಕಿಲೋ ಯೂರಿಯಾ ಸಾಕು, ಖರ್ಚು 6 ರೂ. ಎಲೆ ಒಣಗಿರುವಾಗ ಸಮನಾಗಿ ಎರಚಿ ಕೂಡಲೇ ನೀರು ಹಾಯಿಸಬೇಕು. ಇಲ್ಲದಿದ್ದರೆ ಹುಲ್ಲು ಸುಡುತ್ತದೆ.

ಕೊಳ್ಳುವಾಗ ಎಚ್ಚರಿಕೆ

ಲೆಕ್ಕ ಸರಿಯಾಗಿದ್ದರೂ ಚೀಲದೊಳಗಿನ ಮಾಲು ಸರಿಯಿಲ್ಲದಿದ್ದರೆ ಫಲವಿಲ್ಲ. ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡು ರಸೀತಿ ಪಡೆಯಿರಿ. ಯಂತ್ರದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಚೀಲವನ್ನು ಮುಟ್ಟಬೇಡಿ. ಯೂರಿಯಾ ನೀರಿನಲ್ಲಿ ಪೂರ್ತಿ ಕರಗಿ ಕೈಗೆ ತಣ್ಣಗಾಗಬೇಕು. ಡಿ.ಎ.ಪಿ. ಹರಳಿಗೆ ಸುಣ್ಣ ಸೇರಿಸಿ ಅಂಗೈಯಲ್ಲಿ ಉಜ್ಜಿದರೆ ಮೂಗಿಗೆ ಘಾಟು ಬಡಿಯಬೇಕು. ಇವು ಮೊದಲ ಪರೀಕ್ಷೆಗಳು ಮಾತ್ರ. ಅನುಮಾನ ಬಂದರೆ ಚೀಲವನ್ನೂ ರಸೀತಿಯನ್ನೂ ಇಟ್ಟುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ.

ನೆನಪಿಡಬೇಕಾದ ಅಂಶಗಳು

1. ಚೀಲದ ತೂಕವನ್ನು ಶೇಕಡಾ ಅಂಕಿಯಿಂದ ಗುಣಿಸಿ 100ರಿಂದ ಭಾಗಿಸಿದರೆ ಪೋಷಕಾಂಶದ ಕಿಲೋ ಸಿಗುತ್ತದೆ.
2. ಬೆಲೆಯನ್ನು ಆ ಕಿಲೋಗಳಿಂದ ಭಾಗಿಸಿ ಹೋಲಿಸಿರಿ.
3. ಮಣ್ಣು ಪರೀಕ್ಷೆಯಲ್ಲಿ ಬೇಡವೆಂದು ಕಂಡ ಪೋಷಕಾಂಶಕ್ಕೆ ಹಣ ಕೊಡಬೇಡಿ.
4. ಹೆಚ್ಚಿನ ಬೆಲೆಗೆ ಗಂಧಕ, ಸುಣ್ಣ ಅಥವಾ ಕೂಲಿಯ ಉಳಿತಾಯ ಸಿಗುತ್ತದೆಯೇ ನೋಡಿರಿ.

ಅಂಗಡಿಗೆ ಹೋಗುವ ಮುನ್ನ ಮನೆಯ ಜಗಲಿಯಲ್ಲಿ ಕುಳಿತು, ಓದುವ ಮಗಳ ಅಥವಾ ಮಗನ ಕೈಯಿಂದ ಈ ಲೆಕ್ಕವನ್ನು ಒಮ್ಮೆ ಮಾಡಿಸಿರಿ. ಕಾಲು ಗಂಟೆಯ ಆ ಕೆಲಸದಿಂದ ಎಕರೆಗೆ ಮುನ್ನೂರು ರೂಪಾಯಿ ಉಳಿಯುವುದಾದರೆ, ಅಷ್ಟು ಸುಲಭವಾದ ಸಂಪಾದನೆ ಬೇಸಾಯದಲ್ಲಿ ಬೇರೊಂದು ಸಿಗುವುದು ಕಷ್ಟ.