ಸಂಬಳವನ್ನು 23ರಿಂದ ಗುಣಿಸುವ ಮೊದಲು: ದುಬೈಯೋ, ಬೆಂಗಳೂರೋ?

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. "ಅಣ್ಣ, ದುಬೈಯಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 14,000 ದಿರ್ಹಂ. ಇಲ್ಲಿ 1.6 ಲಕ್ಷ. ಅಲ್ಲಿಯದು 3.2 ಲಕ್ಷ ಆಯ್ತಲ್ಲ? ಅದೂ ಟ್ಯಾಕ್ಸ್ ಇಲ್ಲದೆ!"

ನಾನು ಯುಎಇಗೆ ಬಂದು ಹದಿನೆಂಟು ವರ್ಷವಾಯಿತು. ಈ ಗುಣಾಕಾರವನ್ನು ನಾನೂ ಮಾಡಿಕೊಂಡೇ ವಿಮಾನ ಹತ್ತಿದವನು. ಅದಕ್ಕೇ ಅವನಿಗೆ, "ಒಂದು ಭಾನುವಾರ ಸಮಯ ಕೊಡು, ಕೂತು ಲೆಕ್ಕ ಹಾಕೋಣ" ಅಂದೆ. ಆ ಲೆಕ್ಕ ಬೇರೆಯವರಿಗೂ ಉಪಯೋಗವಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಮಾಷೆ. ಬುರ್ಜ್ ಖಲೀಫಾ ನೋಡಿದವರು ಯಾರೂ ನಂಬುವುದಿಲ್ಲ, ಆದರೆ ಐಎಂಎಫ್ ಪಟ್ಟಿಯಲ್ಲಿ ಭಾರತ ಇರುವ ಗುಂಪಿನಲ್ಲೇ ಯುಎಇ ಕೂಡ ಇದೆ: ಉದಯೋನ್ಮುಖ ಮತ್ತು ಅಭಿವೃದ್ಧಿಶೀಲ ಆರ್ಥಿಕತೆಗಳು. ಹಾಗಾಗಿ ಹೋಲಿಕೆ ಅಷ್ಟೇನೂ ಅಸಂಬದ್ಧವಲ್ಲ. ಡಿಸೆಂಬರ್‌ನಲ್ಲಿ ಐದು ದಿನ ಪ್ರವಾಸ ಬಂದು, ತಂಪು ಗಾಳಿಯಲ್ಲಿ ಮೆಟ್ರೋ ಹತ್ತಿ ಇಳಿದು, "ಇಲ್ಲೇ ಇದ್ದುಬಿಡೋಣ" ಅನ್ನುವವರಿಗೆ ನನ್ನದೊಂದೇ ಮಾತು: ಒಮ್ಮೆ ಆಗಸ್ಟ್‌ನಲ್ಲಿ ಬನ್ನಿ.

ಈಗ ಲೆಕ್ಕ. ದಿರ್ಹಂಗೆ ಸುಲಭಕ್ಕೆ 23 ರೂಪಾಯಿ ಎಂದು ಹಿಡಿದೆ. ತಮ್ಮ, ಅವನ ಹೆಂಡತಿ, ಎರಡನೇ ಕ್ಲಾಸಿನ ಮಗಳು. ಅಲ್ ಕುಸೈಸ್‌ನಲ್ಲಿ ಒಂದು ಬೆಡ್‌ರೂಮ್ ಮನೆಗೆ ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000 ದಿರ್ಹಂ. ಕರೆಂಟು, ನೀರು, ಇಂಟರ್ನೆಟ್ ಸೇರಿ 900. ಇದರಲ್ಲಿ ಹೊಸಬರಿಗೆ ಗೊತ್ತಿಲ್ಲದ ಒಂದು ಬಾಬತ್ತು ಇದೆ: ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಕರೆಂಟು ಬಿಲ್ಲಿನ ಜೊತೆಗೇ ಬರುತ್ತದೆ. ಸಿಬಿಎಸ್‌ಇ ಶಾಲೆ ಮತ್ತು ಬಸ್ಸಿಗೆ 1,500, ದಿನಸಿ-ತರಕಾರಿಗೆ 2,000, ಓಡಾಟಕ್ಕೆ 700, ಫೋನು, ಬಟ್ಟೆ, ಔಷಧಿ, ವಾರಾಂತ್ಯದ ತಿರುಗಾಟಕ್ಕೆ 900. ಒಟ್ಟು 11,000. ಉಳಿಯುವುದು 3,000 ದಿರ್ಹಂ, ಅಂದರೆ 69,000 ರೂಪಾಯಿ.

ಬೆಂಗಳೂರಿನಲ್ಲಿ ವರ್ಷಕ್ಕೆ 19.2 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ ತೆರಿಗೆ ಸುಮಾರು 1.76 ಲಕ್ಷ, ತಿಂಗಳಿಗೆ 14,650 ರೂಪಾಯಿ. ಬೇಸಿಕ್ 80,000, ಅದರ ಶೇ. 12, ಅಂದರೆ 9,600, ಪಿಎಫ್‌ಗೆ. ಕೈಗೆ ಬರುವುದು 1.35 ಲಕ್ಷ. ಬಾಡಿಗೆ, ಶಾಲೆ, ಮನೆಖರ್ಚು, ಪೆಟ್ರೋಲ್ ಎಲ್ಲಾ ಸೇರಿ 85,000. ಉಳಿತಾಯ 50,000. ಅದಕ್ಕೆ ಅವನ ಪಿಎಫ್ 9,600, ಕಂಪನಿಯದು ಇನ್ನೊಂದು 9,600 ಸೇರಿಸಿ. 69,200! ಊರಿಗೆ ಅಮ್ಮನಿಗೆ ಕಳಿಸುವ ಹಣ ಎರಡೂ ಕಡೆ ಒಂದೇ ಆದ್ದರಿಂದ ಬಿಟ್ಟಿದ್ದೇನೆ.

ತಮ್ಮ ಒಂದು ನಿಮಿಷ ಮಾತಾಡಲಿಲ್ಲ. "ಹಾಗಾದರೆ ಟ್ಯಾಕ್ಸ್ ಇಲ್ಲ ಅನ್ನೋದು?" ಅಂದ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅವನಿಗೆ ಬೆಂಗಳೂರಿನಲ್ಲಿ ಬೀಳುವ ತೆರಿಗೆ 14,650. ದುಬೈ ಬಾಡಿಗೆಯೊಂದೇ 1.15 ಲಕ್ಷ ರೂಪಾಯಿ. ಜನ ತೆರಿಗೆಯನ್ನಷ್ಟೇ ನೋಡುತ್ತಾರೆ, ಬಾಡಿಗೆಯನ್ನು ಮರೆಯುತ್ತಾರೆ. ದಿರ್ಹಂನಲ್ಲಿ ಗಳಿಸಿ ದಿರ್ಹಂನಲ್ಲೇ ಖರ್ಚು ಮಾಡುವ 11,000ವನ್ನು ರೂಪಾಯಿಗೆ ತಿರುಗಿಸಿ ಪ್ರಯೋಜನವಿಲ್ಲ. 23ರಿಂದ ಗುಣಿಸಬೇಕಾದದ್ದು ಉಳಿದ 3,000ವನ್ನು ಮಾತ್ರ.

ಇನ್ನೂ ಒಂದು ವಿಷಯ ಅವನು ಹೇಳಿರಲೇ ಇಲ್ಲ. ಅವನ ಹೆಂಡತಿ ಬೆಂಗಳೂರಿನ ಶಾಲೆಯಲ್ಲಿ ಟೀಚರ್, 35,000 ಸಂಬಳ. ಬಂದ ತಕ್ಷಣ ಇಲ್ಲಿ ಕೆಲಸ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಆ ಮೊತ್ತ ಸೇರಿಸಿದರೆ ಬೆಂಗಳೂರಿನ ಉಳಿತಾಯ 1.04 ಲಕ್ಷ. ದುಬೈ ಕಡೆಗೆ ಗ್ರಾಚ್ಯುಟಿ ಸೇರಿಸೋಣ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಅವನ ಬೇಸಿಕ್ 7,000. ವರ್ಷಕ್ಕೆ 4,900 ದಿರ್ಹಂ, ತಿಂಗಳಿಗೆ 9,400 ರೂಪಾಯಿ ಬಿತ್ತು. ಬೆಂಗಳೂರಿನಲ್ಲೂ ಗ್ರಾಚ್ಯುಟಿ ತಿಂಗಳಿಗೆ 3,850ರಂತೆ ಬೆಳೆಯುತ್ತಿರುತ್ತದೆ. ಕೊನೆಗೆ ಬೆಂಗಳೂರು ಸುಮಾರು 30,000 ಮುಂದೆ. ಸಮಸಮ ಆಗಬೇಕಾದರೇ ಅವನಿಗೆ ಇಲ್ಲಿ 15,300 ದಿರ್ಹಂ ಬೇಕು.

ಹಾಗಾದರೆ ನಾನೇಕೆ ಇಲ್ಲಿದ್ದೇನೆ? ನ್ಯಾಯವಾದ ಪ್ರಶ್ನೆ. ದಿರ್ಹಂ 1997ರಿಂದ ಒಂದು ಡಾಲರಿಗೆ 3.6725 ಎಂದು ಕಟ್ಟಿಹಾಕಿಕೊಂಡಿದೆ. ರೂಪಾಯಿ ಹಾಗಲ್ಲ. 2014ರಲ್ಲಿ ಒಂದು ದಿರ್ಹಂಗೆ ಸುಮಾರು 16.6 ರೂಪಾಯಿ ಇತ್ತು, 2024ರಲ್ಲಿ 22.7ರ ಆಸುಪಾಸು. 2014ರಲ್ಲಿ ನಾನು ಮಣಿಪಾಲದಲ್ಲಿ ಫ್ಲ್ಯಾಟಿಗೆ ರೂಪಾಯಿ ಸಾಲ ತೆಗೆದೆ, ಇಎಂಐ 25,000. ಆಗ ಅದಕ್ಕೆ 1,500 ದಿರ್ಹಂ ಕಳಿಸುತ್ತಿದ್ದೆ, ಹತ್ತು ವರ್ಷದ ಮೇಲೆ 1,100 ಸಾಕಾಯಿತು. ಗಟ್ಟಿ ನಾಣ್ಯದಲ್ಲಿ ಗಳಿಕೆ, ಸವೆಯುವ ನಾಣ್ಯದಲ್ಲಿ ಸಾಲ. ಉಳಿತಾಯ ದೊಡ್ಡದಿದ್ದರೆ ಈ ಲಾಭ ದೊಡ್ಡದು. 3,000 ಉಳಿಸುವವನಿಗೆ ಅಷ್ಟಕ್ಕಷ್ಟೇ.

ಇದರ ಉಲ್ಟಾ ಕೆಲಸವನ್ನೂ ನಾನೇ ಮಾಡಿದ್ದೇನೆ. ಬಂದ ವರ್ಷವೇ ದಿರ್ಹಂ ಸಾಲದಲ್ಲಿ ಕಾರು ತೆಗೆದೆ. 2009ರ ಆರಂಭದಲ್ಲಿ ದುಬೈ ರಿಯಲ್ ಎಸ್ಟೇಟ್ ಕುಸಿದಾಗ ನಮ್ಮ ಪ್ರಾಜೆಕ್ಟ್ ನಿಂತಿತು, ಕೆಲಸ ಹೋಯಿತು. ವೀಸಾ ರದ್ದಾದ ಮೇಲೆ ದೇಶ ಬಿಡಲು ಆಗ ಇದ್ದದ್ದು 30 ದಿನ. ಸಿಕ್ಕಿದ ಗ್ರಾಚ್ಯುಟಿ ಸಾಲಕ್ಕೆ ಹೋಯಿತು, ಕಾರು ಅರ್ಧ ಬೆಲೆಗೆ ಹೋಯಿತು. ಎಂಟು ತಿಂಗಳ ಮಗುವಿನ ಜೊತೆ ಹೆಂಡತಿಯನ್ನು ಉಡುಪಿಗೆ ಕಳಿಸಿ, ಸ್ನೇಹಿತನ ರೂಮಿನಲ್ಲಿ ನೆಲದ ಮೇಲೆ ಮಲಗಿ ಇಪ್ಪತ್ತನಾಲ್ಕು ದಿನ ಕೆಲಸ ಹುಡುಕಿದೆ. ಅಬುಧಾಬಿಯಲ್ಲಿ ಸಿಕ್ಕಿತು. ಸಿಗದಿದ್ದರೆ? ಬೆಂಗಳೂರಿನಲ್ಲಿ ಕೆಲಸ ಹೋದರೆ ಸಂಬಳ ನಿಲ್ಲುತ್ತದೆ, ಇಲ್ಲಿ ಇರುವ ಹಕ್ಕೇ ನಿಲ್ಲುತ್ತದೆ.

ಈಗ ಸ್ವಲ್ಪ ಸುಧಾರಿಸಿದೆ. ವೀಸಾದ ವರ್ಗ ನೋಡಿ ಗಡುವು 180 ದಿನದವರೆಗೂ ಸಿಗುತ್ತದೆ. 2023ರಿಂದ ನಿರುದ್ಯೋಗ ವಿಮೆ ಕಡ್ಡಾಯ: ಬೇಸಿಕ್ 16,000ದವರೆಗೆ ಇರುವವರು ತಿಂಗಳಿಗೆ 5 ದಿರ್ಹಂ ಕಟ್ಟಿದರೆ, ಷರತ್ತುಗಳಿಗೆ ಒಳಪಟ್ಟು ಬೇಸಿಕ್‌ನ ಶೇ. 60ರಷ್ಟು ಮೂರು ತಿಂಗಳವರೆಗೆ. ತಮ್ಮನ ಲೆಕ್ಕದಲ್ಲಿ ತಿಂಗಳಿಗೆ 4,200. ಬಾಡಿಗೆಗೇ ಸಾಲುವುದಿಲ್ಲ. ಆರು ತಿಂಗಳ ಖರ್ಚು, 66,000 ದಿರ್ಹಂ, ಕೈಯಲ್ಲಿರಬೇಕು. ತಿಂಗಳಿಗೆ 3,000 ಉಳಿಸಿದರೆ ಅದಕ್ಕೇ 22 ತಿಂಗಳು! ಅದಕ್ಕೂ ಮೊದಲು, ಬಂದ ವಾರವೇ ಬಾಡಿಗೆಗೆ ನಾಲ್ಕು ಚೆಕ್ ಕೊಡಬೇಕು. ಮೊದಲ ಚೆಕ್ 15,000, ಡಿಪಾಸಿಟ್ 3,000, ಏಜೆಂಟಿಗೆ 3,000. ಮೊದಲ ಸಂಬಳ ಬರುವ ಮೊದಲೇ 21,000 ದಿರ್ಹಂ ಊರಿನಿಂದ ತರಬೇಕು.

ವ್ಯಾಪಾರದವರಿಗೂ ಇದೇ ಕಥೆ. 2021ರಿಂದ ಹೆಚ್ಚಿನ ವ್ಯವಹಾರಗಳಿಗೆ ಸ್ಥಳೀಯ ಪಾಲುದಾರ ಬೇಕಿಲ್ಲ. ಕಾರ್ಪೊರೇಟ್ ತೆರಿಗೆ 3,75,000 ದಿರ್ಹಂ ಲಾಭದ ಮೇಲೆ ಶೇ. 9 ಮಾತ್ರ, ವ್ಯಾಟ್ ಶೇ. 5. ಕಾಗದಪತ್ರ ಬೇಗ ಆಗುತ್ತದೆ. ಈ ವಿಷಯದಲ್ಲಿ ನಮ್ಮ ಕಚೇರಿಗಳು ಕಲಿಯುವುದು ಬಹಳ ಇದೆ. ಆದರೆ ಲೈಸೆನ್ಸ್, ಅಂಗಡಿ ಬಾಡಿಗೆ, ನೌಕರರ ವೀಸಾ ಇವೆಲ್ಲ ವ್ಯಾಪಾರ ಆಗಲಿ ಬಿಡಲಿ ಕಟ್ಟಲೇಬೇಕು. ಉಡುಪಿಯ ಅಂಗಡಿಯವನು ಒಂದು ಕೆಟ್ಟ ವರ್ಷವನ್ನು ಶಟರ್ ಅರ್ಧ ಎಳೆದು ಕಳೆಯಬಲ್ಲ. ದುಬೈಯಲ್ಲಿ ಅರ್ಧ ಎಳೆದ ಶಟರ್‌ಗೂ ಪೂರ್ತಿ ಖರ್ಚು.

ಬರುವುದೇ ಆದರೆ ಕೆಲವು ಕೆಲಸ ಮರೆಯಬೇಡಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ. ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ, ಎನ್‌ಆರ್‌ಐ ಆಗಿರುವವರೆಗೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯಲಾಗದು. ಊರಿನ ಬಾಡಿಗೆ ಆದಾಯಕ್ಕೆ ಅಲ್ಲಿ ತೆರಿಗೆ ಇದ್ದೇ ಇದೆ.

ಕೊನೆಗೆ ತಮ್ಮನಿಗೆ 18,000 ಕೇಳು ಅಂದೆ. ಅವನ ಹೆಂಡತಿಯೂ ಫೋನ್ ತೆಗೆದುಕೊಂಡು, "ಭಾವ, ನನ್ನ ಸಂಬಳವನ್ನು ಲೆಕ್ಕಕ್ಕೆ ಹಿಡಿದದ್ದು ನೀವೊಬ್ಬರೇ" ಅಂದಳು. ಮೊನ್ನೆ ಕಂಪನಿಯವರು 16,000ಕ್ಕೆ ಬಂದಿದ್ದಾರಂತೆ. ಮಗಳ ಶಾಲೆ ಫೀಸು ಕೊಡುತ್ತಾರಾ ಎಂದು ಇಮೇಲ್ ಹಾಕಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.