ಲಾರಿ ‘ಬುಸ್’ ಎನ್ನುವುದೇಕೆ?

ಲಾರಿಗಳ ಹಿಂಭಾಗದಲ್ಲಿ ‘ಸೌಂಡ್ ಹಾರ್ನ್’ ಎಂಬುದರ ಜೊತೆಗೆ ‘ಏರ್ ಬ್ರೇಕ್’ ಎಂದೂ ಬರೆದಿರುವುದನ್ನು ನೀವು ನೋಡಿರುತ್ತೀರಿ. ಅಂಥ ಲಾರಿ ರಸ್ತೆಯುಬ್ಬಿನ ಬಳಿ ನಿಧಾನಗೊಂಡು ಮತ್ತೆ ಹೊರಡುವಾಗ ದೊಡ್ಡ ಹಾವು ಬುಸುಗುಟ್ಟಿದಂತೆ ಶಬ್ದ ಬರುತ್ತದೆ. ಲಾರಿಯ ಅಡಿಯಿಂದ ಒಂದಿಷ್ಟು ಧೂಳೂ ಹಾರುತ್ತದೆ. ಈ ಶಬ್ದ ಬರುವುದು ಬ್ರೇಕ್ ಹಾಕಿದಾಗಲೋ, ಬಿಟ್ಟಾಗಲೋ? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ತಾಳೆ ನೋಡೋಣ.

ಸೈಕಲ್ಲಿನ ಬ್ರೇಕ್ ನಿಮಗೆ ಗೊತ್ತೇ ಇದೆ. ನೀವು ಹಿಡಿಯನ್ನು ಒತ್ತುತ್ತೀರಿ, ಸರಳು ಅಥವಾ ತಂತಿ ಎಳೆಯುತ್ತದೆ, ರಬ್ಬರು ರಿಮ್ಮನ್ನು ಹಿಡಿಯುತ್ತದೆ. ಇಲ್ಲಿ ಕೆಲಸ ಮಾಡುವುದು ನಿಮ್ಮ ಕೈಯ ಬಲವೇ. ಆದರೆ ಸರಕು ತುಂಬಿದ ಟ್ರೇಲರ್ ಲಾರಿ 40 ಟನ್ನಿಗೂ ಮೀರಿ ತೂಗಬಲ್ಲದು. ಎಂಥ ಪೈಲ್ವಾನನೇ ಚಾಲಕನಾದರೂ ಕಾಲಿನ ಬಲದಿಂದ ಅದನ್ನು ನಿಲ್ಲಿಸಲಾರ. ಆದ್ದರಿಂದ ಭಾರಿ ಲಾರಿಗಳಲ್ಲಿ ನಿಲ್ಲಿಸುವ ಕೆಲಸವನ್ನು ಗಾಳಿಗೆ ವಹಿಸಿದ್ದಾರೆ. ಚಾಲಕನ ಕಾಲು ಅಪ್ಪಣೆ ಕೊಡುತ್ತದೆ, ಅಷ್ಟೇ.

ಗಾಳಿಗೆ ಅಷ್ಟು ಬಲ ಎಲ್ಲಿಂದ ಬಂತು?

ಲಾರಿಯ ಎಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಪಂಪು ಇರುತ್ತದೆ. ಅದರ ಹೆಸರು ಕಂಪ್ರೆಸರ್. ಎಂಜಿನ್ ತಿರುಗಿದಾಗ ಇದೂ ತಿರುಗಿ, ಹೊರಗಿನ ಗಾಳಿಯನ್ನು ಎಳೆದು ಅದುಮಿ, ಲಾರಿಯ ಅಡಿಯಲ್ಲಿರುವ ಉಕ್ಕಿನ ಟ್ಯಾಂಕುಗಳಿಗೆ ತುಂಬುತ್ತದೆ. ಅಲ್ಲಿನ ಒತ್ತಡ ಸಾಮಾನ್ಯವಾಗಿ 7ರಿಂದ 8 ಬಾರ್. ಕಾರಿನ ಟೈರಿನಲ್ಲಿ ಇರುವುದರ ಮೂರ್ನಾಲ್ಕು ಪಟ್ಟು ಎಂದುಕೊಳ್ಳಿ. ಒಂದು ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ತೂಕ ಇಟ್ಟಷ್ಟು ಒತ್ತಡ.

ಗಾಲಿಗಳ ಹತ್ತಿರ, ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೊಟ್ಟು ಮುಚ್ಚಿದಂತೆ ಕಾಣುವ ಪಾತ್ರೆಗಳಿವೆ. ಇವೇ ಬ್ರೇಕ್ ಚೇಂಬರುಗಳು. ನಡುವೆ ದಪ್ಪ ರಬ್ಬರಿನ ಪೊರೆ, ಪೊರೆಗೆ ಆತುಕೊಂಡಂತೆ ಒಂದು ತಳ್ಳುಗೋಲು. ಹಿಂದಿನ ಗಾಲಿಗಳಿಗೆ ಬಳಸುವ ಒಂದು ಸಾಮಾನ್ಯ ಅಳತೆಯ ಚೇಂಬರಿನಲ್ಲಿ ಈ ಪೊರೆಯ ವಿಸ್ತೀರ್ಣ 30 ಚದರ ಇಂಚು, ಅಂದರೆ ಸುಮಾರು 194 ಚದರ ಸೆಂಟಿಮೀಟರ್. ಅದರ ಮೇಲೆ 6 ಬಾರ್ ಒತ್ತಡದ ಗಾಳಿ ಬಿಟ್ಟರೆ ಎಷ್ಟು ಬಲ? 194ನ್ನು 6ರಿಂದ ಗುಣಿಸಿ. ಸುಮಾರು 1,160 ಕಿಲೋಗ್ರಾಂ ತೂಕದಷ್ಟು! ಎರಡು ದೊಡ್ಡ ಎಮ್ಮೆಗಳು ಒಂದರ ಮೇಲೊಂದು ಕುಳಿತು ತಳ್ಳುಗೋಲನ್ನು ಒತ್ತಿದಂತೆ. ಈ ಬಲ ಒಂದು ಸನ್ನೆಯನ್ನು ತಿರುಗಿಸಿ, ಬ್ರೇಕ್ ಲೈನರುಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಘರ್ಷಣೆಯಿಂದ ಗಾಲಿ ನಿಧಾನವಾಗುತ್ತದೆ. ಒತ್ತಡ ಮತ್ತು ವಿಸ್ತೀರ್ಣಗಳ ಗುಣಲಬ್ಧವೇ ಬಲ ಎಂದು ಪಾಠದಲ್ಲಿ ಓದುತ್ತೀರಲ್ಲ, ಅದು ಇಲ್ಲಿ ದಿನವೂ ರಸ್ತೆಯ ಮೇಲೆ ಕೆಲಸ ಮಾಡುತ್ತಿದೆ.

ಸುದ್ದಿ ಬೇಗ, ಸರಕು ನಿಧಾನ

ಈಗ ಒಂದು ತೊಡಕು. ಚಾಲಕ ಕುಳಿತಿರುವುದು ಲಾರಿಯ ಮುಂತುದಿಯಲ್ಲಿ. ಹಿಂದಿನ ಗಾಲಿಗಳು ಏಳೆಂಟು ಮೀಟರ್ ದೂರದಲ್ಲಿ. ಟ್ರೇಲರ್ ಆದರೆ ಇನ್ನೂ ದೂರ. ಚಾಲಕನ ಕಾಲಡಿಯ ಕವಾಟದ ಮೂಲಕವೇ ಗಾಳಿ ಹೊರಟು, ಉದ್ದನೆಯ ಸಣ್ಣ ಪೈಪಿನಲ್ಲಿ ಸಾಗಿ, ಅಷ್ಟು ದೊಡ್ಡ ಚೇಂಬರುಗಳನ್ನೆಲ್ಲ ತುಂಬಬೇಕೆಂದರೆ ಎಷ್ಟು ಹೊತ್ತು ಬೇಕು? ಇದನ್ನು ನೀವೇ ಪರೀಕ್ಷಿಸಬಹುದು.

ಬೇಕಾಗುವ ವಸ್ತುಗಳು: ಒಂದು ಬಲೂನು, ರಬ್ಬರ್ ಬ್ಯಾಂಡ್, ಔಷಧಿ ಅಂಗಡಿಯಿಂದ ತಂದ ಹೊಸ ಡ್ರಿಪ್ ನಳಿಕೆ (ಆಸ್ಪತ್ರೆಯಲ್ಲಿ ಬಳಸಿ ಎಸೆದದ್ದನ್ನು ಮುಟ್ಟಲೇಬೇಡಿ), ಎರಡೂ ತುದಿ ತೆರೆದಿರುವ ಹಳೆಯ ಪೆನ್ನಿನ ಕೊಳವೆ. ಡ್ರಿಪ್ ನಳಿಕೆಯ ಎರಡೂ ತುದಿಯ ಭಾಗಗಳನ್ನು ಶಿಕ್ಷಕರಿಂದ ಕತ್ತರಿಸಿಸಿಕೊಂಡು ಬರೀ ನಳಿಕೆಯನ್ನು ಉಳಿಸಿಕೊಳ್ಳಿ. ಬಲೂನನ್ನು ಊದಿ, ಬಾಯಿಗೆ ನಳಿಕೆಯನ್ನು ಸೇರಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಆಮೇಲೆ ಗಾಳಿಯನ್ನು ಬಿಟ್ಟು, ಬಲೂನು ಪೂರ್ತಿ ಕುಗ್ಗುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ. ಮುಂದೆ ಅದೇ ನಳಿಕೆಯನ್ನು ಗೇಣುದ್ದಕ್ಕೆ ಕತ್ತರಿಸಿ ಮತ್ತೆ ಎಣಿಸಿ. ಕೊನೆಗೆ ಪೆನ್ನಿನ ಕೊಳವೆಯಲ್ಲಿ ಮಾಡಿ ನೋಡಿ. ಪ್ರತಿ ಸಲವೂ ಬಲೂನನ್ನು ಒಂದೇ ಗಾತ್ರಕ್ಕೆ ಊದಬೇಕು. ಒಂದು ದಾರದಿಂದ ಸುತ್ತಳತೆ ನೋಡಿಕೊಂಡರೆ ಸಾಕು.

ಉದ್ದ ಹೆಚ್ಚಿದಷ್ಟೂ, ಬಾಯಿ ಸಣ್ಣದಾದಷ್ಟೂ ಗಾಳಿ ಸಾಗಲು ಹೆಚ್ಚು ಹೊತ್ತು ಬೇಕೆಂದು ನಿಮಗೇ ತಿಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಪೈಪಿನ ಈ ತುದಿಯಲ್ಲಿ ಒತ್ತಡ ಏರಿತು ಎಂಬ ‘ಸುದ್ದಿ’ ಗಾಳಿಯಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್. 10 ಮೀಟರ್ ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ ನೂರನೇ ಮೂರು ಭಾಗ ಮಾತ್ರ. ಆದರೆ ಚೇಂಬರನ್ನು ತುಂಬಬೇಕಾದ ಗಾಳಿ ಎಂಬ ‘ಸರಕು’ ಸಣ್ಣ ಪೈಪಿನಲ್ಲಿ ತೂರಿಕೊಂಡು ಬರಬೇಕು. ಅದು ನಿಧಾನ. ಹಾಗಿದ್ದರೆ ಮುಂದಿನಿಂದ ಬರೀ ಸುದ್ದಿಯನ್ನು ಕಳಿಸಿ, ಸರಕನ್ನು ಗಾಲಿಯ ಹತ್ತಿರವೇ ಇಟ್ಟುಕೊಂಡರೆ?

ಕೆರೆಯ ನೀರುಗಂಟಿಯನ್ನು ನೆನೆಯಿರಿ. ಗದ್ದೆಯ ಬದುವಿನ ಮೇಲೆ ನಿಂತ ರೈತ ‘ನೀರು ಬಿಡಪ್ಪಾ’ ಎಂದು ಕೂಗುತ್ತಾನೆ. ತೂಬಿನ ಹತ್ತಿರ ನಿಂತ ನೀರುಗಂಟಿ ತೂಬನ್ನು ಎತ್ತುತ್ತಾನೆ. ಕೂಗಿನಲ್ಲಿ ನೀರಿಲ್ಲ, ನೀರು ಇರುವುದು ಕೆರೆಯಲ್ಲಿ. ಲಾರಿಯಲ್ಲಿ ಈ ನೀರುಗಂಟಿಯ ಕೆಲಸ ಮಾಡುವ ಸಾಧನವೇ ರಿಲೇ ಕವಾಟ. ಲಾರಿ ಮೆಕ್ಯಾನಿಕ್ಕುಗಳು ಅದನ್ನು ‘ರಿಲೇ ವಾಲ್ವ್’ ಎನ್ನುತ್ತಾರೆ. ರಿಲೇ ಓಟದಲ್ಲಿ ಒಬ್ಬ ಓಡಿಬಂದು ಕೋಲನ್ನು ಕೊಟ್ಟ ಮೇಲೆ ದಣಿಯದ ಇನ್ನೊಬ್ಬ ಓಡುತ್ತಾನಲ್ಲ, ಹೆಸರು ಬಂದದ್ದು ಅದೇ ಅರ್ಥದಿಂದ.

ಕವಾಟದ ಒಳಗೆ

ರಿಲೇ ಕವಾಟ ಹಿಂದಿನ ಗಾಲಿಗಳ ಸಮೀಪ ಚಾಸಿಗೆ ಬಿಗಿದಿರುವ ಒಂದು ಲೋಹದ ಉಂಡೆ. ಗಾತ್ರದಲ್ಲಿ ಸುಲಿದ ತೆಂಗಿನಕಾಯಿಯಷ್ಟಿರುತ್ತದೆ. ಅದಕ್ಕೆ ನಾಲ್ಕು ಬಗೆಯ ಬಾಯಿಗಳು. ಪಕ್ಕದಲ್ಲಿ ಅಂಕಿಗಳನ್ನು ಅಚ್ಚೊತ್ತಿರುವುದೂ ಉಂಟು: 1 ಎಂದರೆ ಟ್ಯಾಂಕಿನಿಂದ ಗಾಳಿ ಬರುವ ಬಾಯಿ, 2 ಎಂದರೆ ಚೇಂಬರುಗಳಿಗೆ ಹೋಗುವ ಬಾಯಿ, 3 ಎಂದರೆ ಗಾಳಿ ಹೊರಹೋಗುವ ಬಾಯಿ, 4 ಎಂದರೆ ಚಾಲಕನ ಅಪ್ಪಣೆ ಬರುವ ಬಾಯಿ.

ಒಳಗಡೆ ಮೇಲೆ ಕೆಳಗೆ ಸರಿಯುವ ಒಂದು ಪಿಸ್ಟನ್ ಇದೆ. ಅದರ ತಲೆಯ ಮೇಲೆ 4ನೇ ಬಾಯಿಯ ಗಾಳಿ ಕೂರುತ್ತದೆ. ಕೆಳಗೆ ಬ್ರೇಕ್ ಚೇಂಬರುಗಳ ಗಾಳಿ ಇರುತ್ತದೆ. ಅದರ ಕೆಳಗೆ ಸ್ಪ್ರಿಂಗಿನಿಂದ ಮುಚ್ಚಿಕೊಂಡಿರುವ ಒಂದು ಬಾಗಿಲು. ಆ ಬಾಗಿಲಿನ ಆಚೆ ಟ್ಯಾಂಕಿನ ಗಾಳಿ ಕಾಯುತ್ತಿರುತ್ತದೆ.

ಚಾಲಕ ಪೆಡಲನ್ನು ಸ್ವಲ್ಪ ಒತ್ತಿದ ಎನ್ನಿ. ಕಾಲಡಿಯ ಕವಾಟ 3 ಬಾರ್ ಒತ್ತಡದ ಗಾಳಿಯನ್ನು ಕಳಿಸಿತು. ಪಿಸ್ಟನ್ನಿನ ಮೇಲಿನ ಜಾಗ ಚಿಕ್ಕದು. ಅದನ್ನು ತುಂಬಲು ಸ್ವಲ್ಪವೇ ಗಾಳಿ ಸಾಕಾದ್ದರಿಂದ ಉದ್ದದ ಸಣ್ಣ ಪೈಪಿದ್ದರೂ ತಡವಾಗುವುದಿಲ್ಲ. ಪಿಸ್ಟನ್ ಕೆಳಗೆ ಇಳಿಯುತ್ತದೆ. ಇಳಿಯುವಾಗ ಮೊದಲು ಹೊರಹೋಗುವ ದಾರಿಯನ್ನು ಮುಚ್ಚುತ್ತದೆ, ಆಮೇಲೆ ಟ್ಯಾಂಕಿನ ಬಾಗಿಲನ್ನು ತಳ್ಳಿ ತೆರೆಯುತ್ತದೆ. ಈ ಕ್ರಮ ಮುಖ್ಯ. ಹಿಂದುಮುಂದಾದರೆ ಟ್ಯಾಂಕಿನ ಗಾಳಿ ನೇರವಾಗಿ ಹೊರಗೆ ಪೋಲಾಗುತ್ತಿತ್ತು. ಹತ್ತಿರದ ಟ್ಯಾಂಕಿನಿಂದ ದಪ್ಪ ಪೈಪುಗಳಲ್ಲಿ ಗಾಳಿ ನುಗ್ಗಿ ಚೇಂಬರುಗಳು ತುಂಬುತ್ತವೆ. ಬ್ರೇಕ್ ಹಿಡಿಯುತ್ತದೆ.

ಆದರೆ ಟ್ಯಾಂಕಿನಲ್ಲಿರುವುದು 8 ಬಾರ್. ಚಾಲಕ ಕೇಳಿದ್ದು 3 ಮಾತ್ರ. ಪೂರ್ತಿ ಗಾಳಿ ನುಗ್ಗಿಬಿಟ್ಟರೆ ಗಾಲಿಗಳು ಗಕ್ಕನೆ ನಿಂತು ಲಾರಿ ಜಾರುತ್ತದೆ. ಇದನ್ನು ತಪ್ಪಿಸುವ ಉಪಾಯ ನನಗಂತೂ ಇಡೀ ಯಂತ್ರದಲ್ಲೇ ಬಹಳ ಚೆಂದದ್ದೆಂದು ತೋರುತ್ತದೆ. ಚೇಂಬರಿಗೆ ಹೋಗುವ ಗಾಳಿ ಪಿಸ್ಟನ್ನನ್ನು ಕೆಳಗಿನಿಂದಲೂ ಒತ್ತುತ್ತಿದೆಯಲ್ಲವೇ? ಅಲ್ಲಿನ ಒತ್ತಡ 1 ಆಯಿತು, 2 ಆಯಿತು, 3ರ ಹತ್ತಿರ ಬಂತು. ಮೇಲಿನಿಂದಲೂ ಅಷ್ಟೇ, ಕೆಳಗಿನಿಂದಲೂ ಅಷ್ಟೇ. ಹಗ್ಗಜಗ್ಗಾಟದಲ್ಲಿ ಎರಡೂ ತಂಡ ಸಮನಾದಂತೆ. ಆಗ ಸ್ಪ್ರಿಂಗು ಬಾಗಿಲನ್ನು ಮುಚ್ಚಿಬಿಡುತ್ತದೆ. ಹೊರಹೋಗುವ ದಾರಿಯೂ ಮುಚ್ಚಿಯೇ ಇರುತ್ತದೆ. ಚೇಂಬರಿನಲ್ಲಿ 3 ಬಾರ್ ನಿಂತುಬಿಡುತ್ತದೆ. ಎಲ್ಲಾದರೂ ಸ್ವಲ್ಪ ಸೋರಿ ಒತ್ತಡ ಇಳಿದರೆ ಮೇಲಿನ ತಂಡ ಗೆಲ್ಲುತ್ತದೆ, ಬಾಗಿಲು ತುಸು ತೆರೆದು ಕೊರತೆ ತುಂಬುತ್ತದೆ. ಚಾಲಕ ಇನ್ನಷ್ಟು ಒತ್ತಿ 5 ಕೇಳಿದರೆ 5 ಕೊಡುತ್ತದೆ. ಯಾರೂ ನೋಡಿಕೊಳ್ಳಬೇಕಾಗಿಲ್ಲ.

ಈಗ ಚಾಲಕ ಕಾಲನ್ನು ಎತ್ತಿದ. ಪಿಸ್ಟನ್ನಿನ ಮೇಲಿನ ಗಾಳಿ ಹೋಯಿತು. ಕೆಳಗಿನ ಗಾಳಿ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿ, 3ನೇ ಬಾಯಿಯ ದಾರಿಯನ್ನು ತೆರೆದು, ನೆಲದ ಕಡೆಗೆ ನುಗ್ಗುತ್ತದೆ. ಬುಸ್! ಹೌದು, ಆ ಶಬ್ದ ಬ್ರೇಕ್ ಹಾಕಿದಾಗ ಬರುವುದಲ್ಲ, ಬಿಟ್ಟಾಗ ಬರುವುದು. ಕೆಲಸ ಮುಗಿಸಿದ ಗಾಳಿ ಮುಂದಿನ ಪೆಡಲಿನವರೆಗೆ ವಾಪಸು ಹೋಗಬೇಕಾಗಿಲ್ಲ, ಅಲ್ಲಿಯೇ ಹೊರಬೀಳುತ್ತದೆ. ಆದ್ದರಿಂದ ಬ್ರೇಕ್ ಬಿಡುವುದೂ ಬೇಗ. ನಿಮ್ಮ ಉತ್ತರ ಏನಿತ್ತು?

ಅರ್ಧ ಸೆಕೆಂಡಿನ ಲೆಕ್ಕ

ಇಷ್ಟೆಲ್ಲ ಮಾಡಿ ಉಳಿಸುವುದು ಸೆಕೆಂಡಿನ ಒಂದು ಭಾಗವನ್ನಷ್ಟೆ. ಅದಕ್ಕೆ ಎಷ್ಟು ಬೆಲೆ? ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎದುರಿಗೆ ಒಂದು ಸೈಕಲ್ ಅಡ್ಡ ಬಂತು. ಚಾಲಕ ಅದನ್ನು ಕಂಡು ಪೆಡಲ್ ಒತ್ತಲು 1 ಸೆಕೆಂಡು ಎಂದುಕೊಳ್ಳೋಣ: 16.7 ಮೀಟರ್ ಹೋಯಿತು. ಗಾಳಿ ತುಂಬಿ ಬ್ರೇಕ್ ಹಿಡಿಯಲು ಅರ್ಧ ಸೆಕೆಂಡು: ಇನ್ನೂ 8.3 ಮೀಟರ್. ಆಮೇಲೆ ವೇಗವು ಪ್ರತಿ ಸೆಕೆಂಡಿಗೆ ಗಂಟೆಗೆ 18 ಕಿಲೋಮೀಟರಿನಂತೆ ಇಳಿದರೆ ನಿಲ್ಲಲು ಸುಮಾರು 3.3 ಸೆಕೆಂಡು, ಅಷ್ಟರಲ್ಲಿ ಸಾಗುವ ದೂರ 27.8 ಮೀಟರ್. ಕೂಡಿದರೆ ಸುಮಾರು 53 ಮೀಟರ್. ನಾಲ್ಕು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದಷ್ಟು! ಶಾಲೆಯ ಮೈದಾನದಲ್ಲಿ ಟೇಪು ಹಿಡಿದು ಇದನ್ನು ಅಳೆದು, ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಗೆಳೆಯನನ್ನು ನೋಡಿ. ಗಾಳಿ ತುಂಬುವುದು ಇನ್ನೂ ಅರ್ಧ ಸೆಕೆಂಡು ತಡವಾದರೆ ಮತ್ತೆ ಎಂಟು ಮೀಟರ್ ಸೇರುತ್ತದೆ. ಸೈಕಲ್ಲಿನ ಉದ್ದ ಎರಡು ಮೀಟರಿಗಿಂತ ಕಡಿಮೆ.

ಟ್ರೇಲರಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಹಿಂದಿನ ಗಾಲಿಗಳು ತಡವಾಗಿ ಹಿಡಿದರೆ ಮುಂದಿನ ಭಾಗ ನಿಧಾನವಾಗುತ್ತದೆ, ಹಿಂದಿನ ಭಾರ ಬಂದು ಅದನ್ನು ದೂಡುತ್ತದೆ. ಆಗ ಲಾರಿ ಮಡಚುಕತ್ತಿಯಂತೆ ನಡುವೆ ಮಡಚಿಕೊಳ್ಳಬಹುದು. ಈ ಕಾರಣಕ್ಕೇ ಟ್ರೇಲರಿಗೆ ಅದರದೇ ಟ್ಯಾಂಕು, ಅದರದೇ ರಿಲೇ ಕವಾಟ. ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ನಡುವೆ ಜೋತಾಡುವ ಸುರುಳಿ ಪೈಪುಗಳನ್ನು ನೋಡಿ. ಒಂದರಲ್ಲಿ ಟ್ಯಾಂಕಿಗೆ ತುಂಬುವ ಗಾಳಿ, ಇನ್ನೊಂದರಲ್ಲಿ ಬರೀ ಅಪ್ಪಣೆ. ಗಾಳಿ ತುಂಬುವ ಪೈಪು ಹರಿದುಹೋದರೆ ಟ್ರೇಲರಿನ ಬ್ರೇಕ್ ತಾನಾಗಿ ಹಿಡಿದುಕೊಳ್ಳುವಂತೆ ವ್ಯವಸ್ಥೆ ಇರುತ್ತದೆ.

ಗಾಳಿಯನ್ನು ಗಾಲಿಯ ಹತ್ತಿರವೇ ಇಡುವ ಆಲೋಚನೆ ಲಾರಿಗಿಂತ ಹಳೆಯದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿ ಬ್ರೇಕಿನ ಪೇಟೆಂಟ್ ಪಡೆದರು. ಅದಕ್ಕೆ ಮೊದಲು ಬ್ರೇಕಿನವರು ಬೋಗಿಯಿಂದ ಬೋಗಿಗೆ ದಾಟುತ್ತಾ ಕೈಚಕ್ರಗಳನ್ನು ತಿರುಗಿಸಬೇಕಿತ್ತು. ಬಿದ್ದು ಸತ್ತವರೂ ಇದ್ದರು. ಅವರ ಮೊದಲ ಬ್ರೇಕಿನಲ್ಲಿ ಪೈಪು ಒಡೆದರೆ ಎಲ್ಲ ಬ್ರೇಕೂ ಹೋದಂತೆಯೇ. 1870ರ ದಶಕದ ಆರಂಭದಲ್ಲಿ ಅದನ್ನು ತಿದ್ದಿ, ಪ್ರತಿ ಬೋಗಿಗೂ ಒಂದೊಂದು ಟ್ಯಾಂಕನ್ನು ಕೊಟ್ಟು, ಪೈಪಿನ ಒತ್ತಡ ಇಳಿದರೆ ಬ್ರೇಕ್ ಹಿಡಿಯುವಂತೆ ಮಾಡಿದರು. ಈಚಿನ ಕೆಲವು ಲಾರಿಗಳಲ್ಲಿ ಅಪ್ಪಣೆಯನ್ನು ವಿದ್ಯುತ್ತು ಒಯ್ಯುತ್ತದೆ. ಕೆಲಸ ಮಾಡುವುದು ಮಾತ್ರ ಇಂದಿಗೂ ಗಾಳಿಯೇ.

ಗಾಳಿ ಪೂರ್ತಿ ಖಾಲಿಯಾದರೆ?

ಬೆಳಿಗ್ಗೆ ಲಾರಿ ಚಾಲೂ ಮಾಡಿದ ಮೇಲೆ ಚಾಲಕ ತಕ್ಷಣ ಹೊರಡದೆ ಕೆಲವು ನಿಮಿಷ ಎಂಜಿನ್ ಓಡಿಸುತ್ತಾ ಕೂರುತ್ತಾನೆ. ಟ್ಯಾಂಕು ತುಂಬುವುದನ್ನು, ಒತ್ತಡದ ಮುಳ್ಳು ಏರುವುದನ್ನು ಕಾಯುತ್ತಿರುತ್ತಾನೆ. ಹಿಂದಿನ ಗಾಲಿಗಳ ಚೇಂಬರಿನ ಬೆನ್ನಿಗೆ ಇನ್ನೊಂದು ಡಬ್ಬಿ ಅಂಟಿಕೊಂಡಿದ್ದರೆ ಅದರೊಳಗೆ ಬಹಳ ಬಲವಾದ ಸ್ಪ್ರಿಂಗ್ ಇರುತ್ತದೆ. ಗಾಳಿ ಇದ್ದಾಗ ಅದು ಸ್ಪ್ರಿಂಗನ್ನು ಅದುಮಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ಹಾಕುತ್ತದೆ. ಇಂಥ ಡಬ್ಬಿ ಗುಜರಿ ಅಂಗಡಿಯಲ್ಲಿ ಕಂಡರೆ ಬಿಚ್ಚಲು, ಬಡಿಯಲು ಹೋಗಲೇಬೇಡಿ. ಒಳಗಿನ ಸ್ಪ್ರಿಂಗ್ ಸಿಡಿದರೆ ಪ್ರಾಣವೇ ಹೋಗಬಹುದು.

ಸಕಲೇಶಪುರದಿಂದ ಕೆಳಗೆ ಶಿರಾಡಿ ಘಾಟಿ ಇಳಿಯುವ ಲಾರಿಗಳಿಗೆ ಇನ್ನೊಂದು ಎಚ್ಚರ ಬೇಕು. ಪ್ರತಿ ಸಲ ಒತ್ತಿ ಬಿಟ್ಟಾಗಲೂ ಒಂದು ‘ಬುಸ್’ನಷ್ಟು ಗಾಳಿ ಖರ್ಚಾಗುತ್ತದೆ. ಪದೇ ಪದೇ ಒತ್ತುತ್ತಿದ್ದರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಖಾಲಿಯಾಗಬಹುದು, ಡ್ರಮ್ಮುಗಳೂ ಕಾದು ಹಿಡಿತ ಕಡಿಮೆಯಾಗುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ ನಿಲ್ಲಿಸಿದರಂತೂ ಕಂಪ್ರೆಸರೇ ನಿಂತಿತು. ಅದಕ್ಕೇ ಅನುಭವಸ್ಥ ಚಾಲಕರು ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುತ್ತಾರೆ. ಆಗ ಎಂಜಿನ್ನೇ ಲಾರಿಯನ್ನು ತಡೆಹಿಡಿಯುತ್ತದೆ.

ಅದುಮಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವಾಂಶ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಕ್ಲೀನರ್ ಟ್ಯಾಂಕಿನ ಅಡಿಯ ಸಣ್ಣ ಕವಾಟವನ್ನು ಎಳೆದು ಚಿರ್ರೆಂದು ನೀರು ಹೊರಗೆ ಬಿಡುವುದನ್ನು ನೀವು ನೋಡಿರಬಹುದು. ನೀರು ಉಳಿದರೆ ರಿಲೇ ಕವಾಟದ ಪಿಸ್ಟನ್ ತುಕ್ಕು, ಕೊಳೆಗಳಿಂದ ಬಿಗಿಯಾಗಿ ಸರಾಗವಾಗಿ ಸರಿಯದು.

ಯೋಚಿಸಿ, ಉತ್ತರಿಸಿ

1. 4ನೇ ಬಾಯಿಗೆ ಬರುವ ಪೈಪು ಕತ್ತರಿಸಿಹೋಗಿದೆ, ಆದರೆ ಟ್ಯಾಂಕು ತುಂಬಿದೆ. ಚಾಲಕ ಪೆಡಲ್ ಒತ್ತಿದರೆ ಹಿಂದಿನ ಗಾಲಿಗಳಲ್ಲಿ ಏನಾಗುತ್ತದೆ?

2. ಬಹಳ ದಿನ ನಿಂತ ಲಾರಿಯ 3ನೇ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ ಎಂದುಕೊಳ್ಳಿ. ಬ್ರೇಕ್ ಹಿಡಿಯುತ್ತದೆಯೇ? ಬಿಡುತ್ತದೆಯೇ?

3. ಜೋರಾಗಿ ಬ್ರೇಕ್ ಹಾಕಿ ಬಿಟ್ಟಾಗ ‘ಬುಸ್’ ಶಬ್ದ ಹೆಚ್ಚು ಹೊತ್ತು ಕೇಳುತ್ತದೆ. ಏಕೆ? ಬಲೂನಿನ ಪ್ರಯೋಗದಿಂದಲೇ ಇದಕ್ಕೆ ಉತ್ತರ ಹುಡುಕಬಹುದು.