ಕ್ಲಿಪ್ ತೆಗೆಸಿದ ಮೇಲೆ ರಿಟೇನರ್

ಮುಂಬಯಿಯ ಜೋಗೇಶ್ವರಿಯ ಓದುಗರೊಬ್ಬರ ಪ್ರಶ್ನೆ: ಹಲ್ಲಿನ ಕ್ಲಿಪ್ ತೆಗೆಸಿ ವರ್ಷವಾಯಿತು. ಹಲ್ಲು ಸರಿಯದಂತೆ ಹಿಡಿದಿಡುವ ರಿಟೇನರ್ ಹಾಕುವುದು ಬಿಟ್ಟಿದ್ದರಿಂದ ಕೆಳಗಿನ ಮುಂಭಾಗದ ಹಲ್ಲು ಸರಿದಿದೆ. ಏನು ಮಾಡಬೇಕು?

ಉತ್ತರ: ಹಲ್ಲನ್ನು ಹಿಡಿದಿರುವ ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಹಲವು ತಿಂಗಳು ಬೇಕು, ಅಲ್ಲಿಯವರೆಗೆ ಅವು ಹಲ್ಲನ್ನು ಹಿಂದಕ್ಕೆಳೆಯುತ್ತವೆ. ಹಳೆಯ ರಿಟೇನರ್ ಬಿಗಿಯಾದರೂ ಪೂರ್ತಿ ಕೂರುವುದಾದರೆ, ಊಟದ ಹೊತ್ತು ಬಿಟ್ಟು ದಿನವಿಡೀ ಧರಿಸಬೇಕು. ಬಿಗಿತ ಹೋದ ಮೇಲೆ ರಾತ್ರಿ ಮಾತ್ರ ಸಾಕೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಕೂರದಿದ್ದರೆ ಒತ್ತಿ ಕೂರಿಸಬಾರದು. ಬೇಗನೆ ಹಲ್ಲಿನ ಸಾಲು ಸರಿಪಡಿಸುವ ಆರ್ಥೊಡಾಂಟಿಸ್ಟ್‌ಗೆ ತೋರಿಸಬೇಕು. ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಕಾಲೇಜಿನಲ್ಲಿ ತೋರಿಸಬಹುದು; ಅಲ್ಲಿಗೆ ಜೋಗೇಶ್ವರಿಯಿಂದ ಪಶ್ಚಿಮ ರೈಲ್ವೆಯ ಲೋಕಲ್ ಇದೆ.

ಹೊಸ ರಿಟೇನರ್, ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿ, ತುಂಬ ಸರಿದಿದ್ದರೆ ಹಲ್ಲನ್ನು ಮತ್ತೆ ಜಾಗಕ್ಕೆ ತರುವ ಅಲೈನರ್: ಇವು ಆಯ್ಕೆಗಳು. ರಿಟೇನರನ್ನು ತಣ್ಣೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು; ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ. ತಂತಿ ಬಿಟ್ಟುಕೊಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.